ತುರ್ರಂ ಖಾನನ ಹಿಂದಿದ್ದ ಜಮಾದಾರ

ಹೈದರಾಬಾದಿಗೆ ಬಂದು ನಾಲ್ಕು ದಿನವಾದವರಿಗೂ ‘ತುರ್ರಂ ಖಾನ್’ ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ರೇಷನ್ ಅಂಗಡಿಯ ಸಾಲು ಮುರಿದು ಮುಂದೆ ನುಗ್ಗುವವನು ತುರ್ರಂ ಖಾನ್. ಪೊಲೀಸಿನವನಿಗೆ ಎದುರು ಮಾತಾಡುವ ಆಟೋದವನು ತುರ್ರಂ ಖಾನ್. ನಮ್ಮ ಮನೆಯಲ್ಲಿ ಈ ಬಿರುದು ನಮಗೇ ಸಲ್ಲುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಂದು ಸಲ ಕೊಂಚ ದನಿ ಏರಿಸಿದ್ದಕ್ಕೆ ನಮ್ಮ ಶ್ರೀಮತಿ, “ಆಫೀಸಿನಾಗ ತುಟಿ ಬಿಚ್ಚೂದಿಲ್ಲ, ಮನಿಗೆ ಬಂದ್ರ ದೊಡ್ಡ ತುರ್ರಂ ಖಾನ್ ನೋಡ್ರಿ!” ಎಂದುಬಿಟ್ಟರು. ಒಂಬತ್ತನೆಯ ತರಗತಿಯ ಮಗಳು ಆ ಹೊತ್ತಿಗೇ ಕೇಳಿದಳು: “ಅಪ್ಪಾ, ಈ ತುರ್ರಂ ಖಾನ್ ಅಂದ್ರ ಯಾರು? ಖರೇನ ಇದ್ನಾ?”

ನಾವು ಓದಿದ್ದು ಬಿ.ಎಸ್ಸಿ. ಮಾಡುತ್ತಿರುವುದು ಗುಮಾಸ್ತಗಿರಿ. ಇತಿಹಾಸಕ್ಕೂ ನಮಗೂ ಹತ್ತನೆಯ ತರಗತಿಯಲ್ಲಿಯೇ ಋಣ ತೀರಿತ್ತು. ಆದರೂ ಮಗಳ ಮುಂದೆ ಗೊತ್ತಿಲ್ಲವೆನ್ನಲು ಮನಸ್ಸು ಬರಲಿಲ್ಲ. “ನಾಳೆ ಹೇಳ್ತೀನಿ” ಎಂದು ಕಚೇರಿಯ ಕಡತಗಳಿಗೆ ಹೇಳುವ ಉತ್ತರವನ್ನೇ ಹೇಳಿ, ಮುಂದಿನ ಕೆಲವು ಭಾನುವಾರ ಕೋಠಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕಳೆದೆವು. ಅಲ್ಲಿ ನಮಗೆ ಸಿಕ್ಕಿದ್ದು ತುರ್ರಂ ಖಾನನೊಬ್ಬನೇ ಅಲ್ಲ, ಅವನ ಹಿಂದೆ ಇನ್ನೊಬ್ಬನಿದ್ದ. ಈ ಬರಹ ಹೆಚ್ಚಾಗಿ ಆ ಇನ್ನೊಬ್ಬನ ಕುರಿತದ್ದು.

ಕೋಠಿ ನಮ್ಮವರಿಗೆಲ್ಲ ಪರಿಚಿತ. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ, ಬಡಿ ಚೌಡಿಯಲ್ಲಿ ಕಾಯಿಪಲ್ಲೆ ಕೊಂಡು, ಸುಲ್ತಾನ ಬಜಾರಿನಲ್ಲಿ ಹೆಂಗಸರು ಸೀರೆ ನೋಡುವಷ್ಟು ಹೊತ್ತು ಗಂಡಸರು ಫುಟ್‌ಪಾತಿನ ಮೇಲೆ ಚೀಲ ಹಿಡಿದು ನಿಲ್ಲುವ ಜಾಗವದು. ಅಲ್ಲಿರುವ ಮಹಿಳಾ ಕಾಲೇಜು ಈಗ ವಿಶ್ವವಿದ್ಯಾಲಯವಾಗಿ ಚಾಕಲಿ ಐಲಮ್ಮನ ಹೆಸರು ಹೊತ್ತಿದೆ. ಅದರ ದೊಡ್ಡ ಕಂಬಗಳ ಕಟ್ಟಡವೇ ಹಿಂದಿನ ಬ್ರಿಟಿಷ್ ರೆಸಿಡೆನ್ಸಿ. ಕರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟ್ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಬಸ್ ನಿಲ್ದಾಣದ ಬಳಿ 1857ರ ನೆನಪಿಗೆ ಒಂದು ಸ್ಮಾರಕವಿದೆ. ಹತ್ತಿರದ ರಸ್ತೆಗೆ ತುರ್ರೆಬಾಜ್ ಖಾನ್ ರಸ್ತೆ ಎಂದು ಹೆಸರು. ‘ತುರ್ರಂ ಖಾನ್’ ಹುಟ್ಟಿದ್ದು ಈ ತುರ್ರೆಬಾಜ್ ಖಾನನಿಂದಲೇ ಎಂದು ಹೈದರಾಬಾದಿನವರು ಹೇಳುತ್ತಾರೆ. ನಾವು ಆ ಸ್ಮಾರಕದ ಮುಂದೆ ನೂರಾರು ಸಲ ಬಸ್ಸಿಗಾಗಿ ಕಾದಿದ್ದೇವೆ. ಒಮ್ಮೆಯೂ ಕತ್ತೆತ್ತಿ ನೋಡಿದವರಲ್ಲ.

ಇನ್ನು ಕಥೆಗೆ ಬರೋಣ. 1857ರಲ್ಲಿ ನಿಜಾಮರ ಸೀಮೆಯಲ್ಲಿ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಪಡೆಯಿತ್ತು. ಹೆಸರು ನಿಜಾಮರದು, ಅಧಿಕಾರಿಗಳು ಇಂಗ್ಲಿಷರು, ಖರ್ಚು ಮತ್ತೆ ನಿಜಾಮರದು. ಮೇ 10ರಂದು ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ದಿಲ್ಲಿಯಲ್ಲಿ ಮುದಿ ಬಾದಶಹನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿದರು. ಆ ದಂಗೆಯನ್ನಡಗಿಸಲು ದಕ್ಷಿಣದ ಪಡೆಗಳನ್ನೂ ಕಳುಹಿಸುತ್ತಾರೆಂಬ ಸುದ್ದಿ ಹಬ್ಬಿತು. ಜೂನ್‌ನಲ್ಲಿ ಅಂದಿನ ಔರಂಗಾಬಾದಿನಲ್ಲಿದ್ದ ಒಂದನೆಯ ಅಶ್ವದಳದ ಸವಾರರು, ‘ದಖ್ಖನ್ ಬಿಟ್ಟು ಹೋಗಿ ದಿಲ್ಲಿಯ ಬಾದಶಹನ ಮೇಲೆ ಕತ್ತಿ ಎತ್ತುವುದಿಲ್ಲ’ ಎಂದು ನಿಂತುಬಿಟ್ಟರು. ಜನರಲ್ ವುಡ್‌ಬರ್ನ್ ಎಂಬವನು ತೋಪುಗಳೊಡನೆ ಬಂದು ಅವರನ್ನು ಅಡಗಿಸಿದ. ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು.

ಇದೇ ಕಂಟಿಂಜೆಂಟಿನ ಒಬ್ಬ ಜಮಾದಾರ, ಚೀದಾ ಖಾನ್, ವರ್ಹಾಡದ ಬುಲ್ಢಾಣೆಯಲ್ಲಿದ್ದ. ಜಮಾದಾರ ಎಂದರೆ ನಮ್ಮ ಕಚೇರಿಗಳಲ್ಲಿ ಬೆಲ್ ಹೊಡೆದರೆ ಬರುತ್ತಿದ್ದ ಜಮಾದಾರನಲ್ಲ. ಆಗ ಅದು ಫೌಜಿನಲ್ಲಿ ಹಿಂದೂಸ್ಥಾನದವನಿಗೆ ಸಿಗಬಹುದಾದ ಕೆಲವೇ ಅಧಿಕಾರದ ಹುದ್ದೆಗಳಲ್ಲಿ ಒಂದು. ದಿಲ್ಲಿಗೆ ನಡೆ ಎಂದರು, ಇವನು ಒಲ್ಲೆನೆಂದ. ಹದಿನೈದು ಮಂದಿಯಷ್ಟು ಸಂಗಡಿಗರನ್ನು ಕರೆದುಕೊಂಡು ನೇರ ಹೈದರಾಬಾದಿಗೆ ಬಂದ. ಅವನ ಲೆಕ್ಕ ಸರಳವಿದ್ದಿರಬೇಕು: ನಾವು ನಿಜಾಮರ ಉಪ್ಪುಂಡವರು, ನಿಜಾಮರ ಊರಿನಲ್ಲಿ ನಮಗೆ ನೆರಳು ಸಿಕ್ಕೀತು. ಆದರೆ ಗದ್ದುಗೆಯ ಮೇಲಿದ್ದ ಅಫ್ಜಲುದ್ದೌಲಾ ಪಟ್ಟಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ಅಧಿಕಾರವೆಲ್ಲ ದಿವಾನ ಸಾಲಾರ್ ಜಂಗ್ ಅವರ ಕೈಯಲ್ಲಿತ್ತು. ದಿವಾನರು ಬಂದವರನ್ನು ಹಿಡಿಸಿ ರೆಸಿಡೆಂಟ್ ಡೇವಿಡ್‌ಸನ್ನನಿಗೆ ಒಪ್ಪಿಸಿದರು. ಚೀದಾ ಖಾನ್ ಅದೇ ರೆಸಿಡೆನ್ಸಿಯೊಳಗೆ ಬಂದಿಯಾದ.

ಸುದ್ದಿ ಊರಲ್ಲಿ ಹರಡಿತು. ಜುಲೈ 17ರಂದು ಮಕ್ಕಾ ಮಸೀದಿಯಲ್ಲಿ ಶುಕ್ರವಾರದ ನಮಾಜಿನ ಬಳಿಕ ಜನ ಸೇರಿದರೆಂದು ಪುಸ್ತಕಗಳು ಹೇಳುತ್ತವೆ. ಅಂದು ನಿಜವಾಗಿ ಶುಕ್ರವಾರವೇ? ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಎಂದು ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. ಮೀರತ್ತಿನ ಮೇ 10 ಭಾನುವಾರ. ಅಲ್ಲಿಂದ ಜುಲೈ 17ಕ್ಕೆ 68 ದಿನ. ಏಳರಿಂದ ಭಾಗಿಸಿದರೆ ಶೇಷ ಐದು. ಭಾನುವಾರದಿಂದ ಐದು ದಿನ ಮುಂದೆ ಶುಕ್ರವಾರ! ಮಗಳಿಗೆ ಅಪ್ಪನ ಮೇಲೆ ಸ್ವಲ್ಪ ಗೌರವ ಬಂದಂತೆ ಕಂಡಿತು.

ಮಸೀದಿಯಲ್ಲಿ ಸೇರಿದವರು ಮೊದಲೇ ಕತ್ತಿ ಹಿಡಿದು ಹೊರಟವರಲ್ಲ. ಮೌಲ್ವಿಗಳ ನಿಯೋಗವೊಂದು ನಿಜಾಮರ ಬಳಿ ಹೋಗಿ, ಚೀದಾ ಖಾನನನ್ನೂ ಅವನ ಜೊತೆಯವರನ್ನೂ ಬಿಡಿಸಬೇಕೆಂದು ಕೇಳಲಿ ಎಂಬ ಮಾತು ಮೊದಲು ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ಮೇಲಿನವರಿಗೆ ಮನವಿ’. ಅದರಿಂದ ಆಗುವುದಿಲ್ಲವೆಂದು ತಿಳಿದ ಮೇಲೆ ಬೇಗಂ ಬಜಾರಿನ ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳುಗಳಾದರು. ಸಂಜೆಯ ಹೊತ್ತಿಗೆ ಸುಮಾರು 500 ಮಂದಿ, ಹೆಚ್ಚಿನವರು ರೋಹಿಲರು, ಮೂಸಿ ದಾಟಿ ರೆಸಿಡೆನ್ಸಿಯತ್ತ ನಡೆದರು. ದಿವಾನರಿಂದ ರೆಸಿಡೆಂಟನಿಗೆ ಆಗಲೇ ಸುದ್ದಿ ಹೋಗಿತ್ತು. ತೋಪುಗಳು ಸಿದ್ಧವಿದ್ದವು.

ಪುತಲಿ ಬೌಲಿಯ ಕಡೆ, ರೆಸಿಡೆನ್ಸಿಗೆ ಎದುರಾಗಿ, ಅಬ್ಬನ್ ಸಾಹೇಬ ಮತ್ತು ಜೈಗೋಪಾಲ ದಾಸ ಎಂಬ ಇಬ್ಬರು ಸಾಹುಕಾರರ ಮನೆಗಳಿದ್ದವು. ಜನ ಆ ಮನೆಗಳನ್ನು ಹಿಡಿದು, ಮಾಳಿಗೆ ಏರಿ, ಅಲ್ಲಿಂದ ಗುಂಡು ಹಾರಿಸಿದರು. ತೋಟದ ಗೋಡೆಯನ್ನೂ ಒಡೆದರು. ಒಳಗಿನಿಂದ ಮದ್ರಾಸಿನ ಕುದುರೆ ತೋಪಿನ ದಳ ಉತ್ತರ ಕೊಟ್ಟಿತು. ಇರುಳೆಲ್ಲ ಗುಂಡಿನ ಸದ್ದು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಜನ ಮಾಳಿಗೆ ಬಿಟ್ಟು ಕತ್ತಲಲ್ಲಿ ಚದುರಿಹೋದರು. ಚೀದಾ ಖಾನ್ ಒಳಗೇ ಉಳಿದ.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. ತುರ್ರೆಬಾಜ್ ಖಾನ್ ನಾಲ್ಕೈದು ದಿನಗಳಲ್ಲಿಯೇ ಸಿಕ್ಕಿಬಿದ್ದ. ಮೌಲ್ವಿ ಎಲ್ಲಿದ್ದಾನೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವನಿಗೆ ಅಂಡಮಾನಿನ ಕರಿನೀರಿನ ಶಿಕ್ಷೆಯಾಯಿತು. 1859ರ ಜನವರಿಯಲ್ಲಿ ಸೆರೆಯಿಂದ ತಪ್ಪಿಸಿಕೊಂಡ. ತಲೆಗೆ 5000 ರೂಪಾಯಿ ಕಟ್ಟಿದರು. ವಾರದೊಳಗೆ ತೂಪ್ರಾನಿನ ಕಾಡಿನಲ್ಲಿ ಅಲ್ಲಿನ ತಾಲೂಕದಾರನೇ ಅವನನ್ನು ಕೊಂದ. ಹೆಣವನ್ನು ಪಟ್ಟಣಕ್ಕೆ ತಂದು ಸರಪಳಿಯಲ್ಲಿ ತೂಗುಹಾಕಿದರು. ಮೌಲ್ವಿಯೂ ಕೊನೆಗೆ ಸಿಕ್ಕಿ, 1859ರಲ್ಲಿ ಅಂಡಮಾನಿಗೆ ಹೋಗಿ ಅಲ್ಲಿಯೇ ತೀರಿಕೊಂಡ. (ಸೆಲ್ಯುಲರ್ ಜೈಲಿನಲ್ಲಿ ಇಟ್ಟಿದ್ದರೆಂದು ಕೆಲವರು ಬರೆಯುತ್ತಾರೆ. ಆ ಜೈಲು ಕಟ್ಟಲಾರಂಭಿಸಿದ್ದೇ 1896ರಲ್ಲಿ, ಮುಗಿದದ್ದು 1906ರಲ್ಲಿ. ಬರೆಯುವವರು ಇಸವಿಗಳನ್ನೊಮ್ಮೆ ಕಳೆದು ನೋಡಬಾರದೇ?)

ತುರ್ರೆಬಾಜನಿಗೆ ರಸ್ತೆ ಸಿಕ್ಕಿತು, ಕೊನೆಗೆ ಒಂದು ಬೈಗುಳವೂ ಸಿಕ್ಕಿತು. ಬೈಗುಳವಾಗಿ ಉಳಿಯುವುದೂ ಸಣ್ಣ ಚಿರಂಜೀವಿತ್ವವಲ್ಲ. ಆದರೆ ಅವನು ಯಾರಿಗಾಗಿ ಗೋಡೆ ಒಡೆಯಹೋದನೋ ಆ ಜಮಾದಾರನ ಹೆಸರನ್ನು ನಾವು ನಮ್ಮ ಕಚೇರಿಯ ಹತ್ತಾರು ಹೈದರಾಬಾದಿಗಳಿಗೆ ಕೇಳಿದೆವು. ಒಬ್ಬರಿಗೂ ಗೊತ್ತಿರಲಿಲ್ಲ. ಕತ್ತಿ ಎತ್ತಿದವನ ನೆನಪು ಉಳಿಯುತ್ತದೆ, ಎತ್ತಲಾರೆನೆಂದವನದು ಉಳಿಯುವುದಿಲ್ಲ. ಹಾಗೆಂದು ಇವನ ‘ಒಲ್ಲೆ’ ಸಣ್ಣದಾಗಿರಲಿಲ್ಲ. ಕಂಟಿಂಜೆಂಟಿನ ಹೆಚ್ಚಿನವರು ಹೇಳಿದ ಕಡೆ ಹೋದರು. 1858ರಲ್ಲಿ ಝಾನ್ಸಿಯ ರಾಣಿಯ ಮೇಲೆ ಹೋದ ದಂಡಿನಲ್ಲಿ ಇದೇ ಕಂಟಿಂಜೆಂಟ್ ಇತ್ತು. ಅಷ್ಟು ಜನ ನಡೆದಾಗ ಹದಿನೈದು ಜನರೊಡನೆ ನಿಂತುಬಿಡುವುದೆಂದರೇನು, ಯೋಚಿಸಿ.

ಇದರಲ್ಲಿ ಕನ್ನಡದವರಿಗೇನು ಎಂದು ಸಂಪಾದಕರು ಕೇಳಬಹುದು. ಕೇಳುವ ಮುಂಚೆಯೇ ಹೇಳುತ್ತೇವೆ. ನಮ್ಮೂರು ಲಿಂಗಸುಗೂರು. ಈ ಕಂಟಿಂಜೆಂಟಿನ ಖರ್ಚಿನ ಬಾಕಿಗಾಗಿಯೇ 1853ರಲ್ಲಿ ವರ್ಹಾಡದ ಜೊತೆಗೆ ನಮ್ಮ ರಾಯಚೂರು ದೋಆಬನ್ನೂ ನಿಜಾಮರು ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದರು. ಅಂದರೆ ಚೀದಾ ಖಾನನ ಪಗಾರದಲ್ಲಿ ನಮ್ಮ ಮುತ್ತಜ್ಜಂದಿರು ಕಟ್ಟಿದ ಜೋಳದ ಹೊಲದ ಕಂದಾಯವೂ ನಾಲ್ಕಾಣೆ ಇದ್ದಿರಬೇಕು! ನಮ್ಮೂರಲ್ಲಿಯೂ ಈ ಪಡೆಯ ಛಾವಣಿಯೊಂದಿತ್ತು. ದಂಗೆಯಡಗಿದ ಮೇಲೆ, ನಿಜಾಮರ ಸರ್ಕಾರ ನಿಷ್ಠೆಯಿಂದಿತ್ತೆಂದು ಮೆಚ್ಚಿ, 1860ರಲ್ಲಿ ಇಂಗ್ಲಿಷರು 50 ಲಕ್ಷ ರೂಪಾಯಿ ಸಾಲ ಮನ್ನಾ ಮಾಡಿದರು. ರಾಯಚೂರು ದೋಆಬನ್ನು ಹಿಂದಿರುಗಿಸಿದರು. ಸುರಪುರವನ್ನೂ ಕೊಟ್ಟರು. ಸುರಪುರ ಯಾರದು? 1858ರಲ್ಲಿ ಎದುರುಬಿದ್ದು, ಹೈದರಾಬಾದಿನಲ್ಲಿ ಸೆರೆಸಿಕ್ಕು, ಸೆರೆಯಲ್ಲೇ ಸಾಗಿಸುವಾಗ ದಾರಿಯಲ್ಲಿ ಗುಂಡಿನಿಂದ ಸತ್ತ ತರುಣ ರಾಜಾ ವೆಂಕಟಪ್ಪ ನಾಯಕನದು. ಹೀಗೆ ನಾವು ಮರಳಿ ನಿಜಾಮರ ಪ್ರಜೆಗಳಾದೆವು. ನಮ್ಮಜ್ಜ ಉರ್ದು ಮದ್ರಸಾದಲ್ಲಿ ಓದಿ, ಹೈದರಾಬಾದೇ ರಾಜಧಾನಿಯೆಂದು ತಿಳಿದು ಬೆಳೆದರು. ನಾವಿಂದು ಬರ್ಕತ್‌ಪುರದ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಕನ್ನಡದಲ್ಲಿ ಇದನ್ನು ಬರೆಯುತ್ತಿದ್ದರೆ ಆ ಬಹುಮಾನದ ಪಾಲೂ ಇದರಲ್ಲಿದೆ. ಚೀದಾ ಖಾನನನ್ನು ಹಿಡಿದುಕೊಟ್ಟದ್ದು ಆ ನಿಷ್ಠೆಯ ಲೆಕ್ಕದಲ್ಲಿ ಒಂದು ಬಾಬು. ಇದು ತಿಳಿದ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ.

ಸಾಲಾರ್ ಜಂಗರನ್ನು ಬೈದುಬಿಡುವುದು ಸುಲಭ. ಊರಿನಿಂದ ನೆಂಟರು ಬಂದರೆ ಮೊದಲು ಕರೆದೊಯ್ಯುವುದು ಅವರ ವಂಶದವರ ಹೆಸರಿನ ಮ್ಯೂಸಿಯಮ್ಮಿಗೇ. ಗಡಿಯಾರದೊಳಗಿಂದ ಗೊಂಬೆ ಬಂದು ಗಂಟೆ ಬಾರಿಸುವುದನ್ನು ನೋಡದೆ ಯಾವ ಅತ್ತೆಯೂ ಲಿಂಗಸುಗೂರಿಗೆ ಹಿಂದಿರುಗಿಲ್ಲ. ದಿವಾಳಿಯೆದ್ದ ರಾಜ್ಯಕ್ಕೆ ಜಿಲ್ಲೆ, ತಾಲೂಕು, ಖಜಾನೆಗಳ ವ್ಯವಸ್ಥೆ ಮಾಡಿದವರು ಆ ಮೊದಲನೆಯ ಸಾಲಾರ್ ಜಂಗರು. ಅಂದು ಅವರು ಬೇರೆ ರೀತಿ ನಡೆದಿದ್ದರೆ ಹೈದರಾಬಾದಿಗೂ ದಿಲ್ಲಿಯ ಗತಿಯೇ ಬರುತ್ತಿತ್ತೇನೋ. ಇದೆಲ್ಲ ನಿಜ. ಆದರೂ ನೆರಳು ಬೇಡಿ ಬಂದವನನ್ನು ಹಿಡಿದು ಒಪ್ಪಿಸಿದ್ದೂ ನಿಜ. ಎರಡನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಹೋರಾಡಲಾರೆನೆಂದ ಸಿಪಾಯಿಗೆ ಜನರ ಬೆಂಬಲ ಸಿಕ್ಕೇ ಸಿಗುತ್ತದೆಂದು ತಿಳಿಯಬಾರದು. ದೊಡ್ಡವರೂ ಅಲ್ಲಿ ಹಿಂಜರಿದಿದ್ದಾರೆ. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧರಾದ ಪಠಾಣರ ಮೇಲೆ ಗುಂಡು ಹಾರಿಸಲು ಗಢವಾಲಿ ಸಿಪಾಯಿಗಳಿಗೆ ಅಪ್ಪಣೆಯಾಯಿತು. ಹವಾಲ್ದಾರ್ ಮೇಜರ್ ಚಂದ್ರಸಿಂಗ್ ‘ಹಾರಿಸಬೇಡಿ’ ಎಂದ. ಸಿಪಾಯಿಗಳು ಬಂದೂಕು ಇಳಿಸಿದರು. ಕೋರ್ಟ್ ಮಾರ್ಷಲ್ಲಿನಲ್ಲಿ ಬ್ಯಾರಿಸ್ಟರ್ ಮುಕುಂದೀಲಾಲ್ ವಾದಿಸಿ ಅವನ ತಲೆ ಉಳಿಸಿದರು. ಜೀವಾವಧಿ ಶಿಕ್ಷೆಯಾಯಿತು, ಹನ್ನೊಂದು ವರ್ಷ ಸೆರೆಯಲ್ಲಿದ್ದು 1941ರಲ್ಲಿ ಹೊರಬಂದ. ದೇಶವೆಲ್ಲ ಅವನನ್ನು ಕೊಂಡಾಡಿತು. ಆದರೆ 1931ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಸತ್ಯಾಗ್ರಹದ ಕೈದಿಗಳ ಬಿಡುಗಡೆ ಇತ್ತೇ ಹೊರತು ಅಪ್ಪಣೆ ಮೀರಿದ ಸಿಪಾಯಿಗಳದಿರಲಿಲ್ಲ. ಈ ಬಗ್ಗೆ ಒಬ್ಬ ಫ್ರೆಂಚ್ ಪತ್ರಕರ್ತ ಕೇಳಿದಾಗ ಗಾಂಧೀಜಿ, ಸಿಪಾಯಿ ಆಣೆ ಮಾಡಿ ಸೇರಿದ ಮೇಲೆ ಅಪ್ಪಣೆ ಮೀರುವುದು ತಪ್ಪು, ನಾಳೆ ನಮ್ಮ ಸರ್ಕಾರ ಬಂದಾಗ ಇದೇ ಸಿಪಾಯಿಗಳಿಂದ ಕೆಲಸ ತೆಗೆಯಬೇಕು ಎಂಬ ಅರ್ಥದ ಮಾತನ್ನಾಡಿದರು. ಅಹಿಂಸೆಯ ಗಾಂಧಿ, ಗುಂಡು ಹಾರಿಸದವನ ಪರ ನಿಲ್ಲಲಿಲ್ಲ! ಓದಿದಾಗ ನಮಗೆ ನೋವಾಯಿತು. ಮರುಕ್ಷಣವೇ, ಸರ್ಕಾರ ನಡೆಸಬೇಕಾದವರ ಕಷ್ಟವೂ ಗುಮಾಸ್ತರಾದ ನಮಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಮತ್ತಷ್ಟು ನೋವಾಯಿತು.

ಇಂಗ್ಲೆಂಡಿನ ಗಣಿತಜ್ಞ ಬರ್ಟ್ರಂಡ್ ರಸೆಲ್ ಹಿಂಜರಿಯಲಿಲ್ಲ. 1916ರಲ್ಲಿ ಎವರೆಟ್ ಎಂಬ ಒಬ್ಬ ಶಾಲಾ ಮಾಸ್ತರನು ಯುದ್ಧ ಮಾಡಲಾರೆನೆಂದು ಜೈಲು ಸೇರಿದಾಗ ಅವನ ಪರವಾಗಿ ಒಂದು ಕರಪತ್ರ ಬರೆದ. ಹಂಚಿದ ಬಡಪಾಯಿಗಳನ್ನು ಹಿಡಿದಾಗ, ‘ಬರೆದವನು ನಾನು’ ಎಂದು ಪತ್ರಿಕೆಗೆ ತಾನೇ ಹೆಸರು ಕೊಟ್ಟ. 100 ಪೌಂಡ್ ದಂಡ ಬಿತ್ತು, ಕೇಂಬ್ರಿಜ್ಜಿನ ಕೆಲಸ ಹೋಯಿತು. ಹೆಸರು ಕೊಟ್ಟ ಎಂಬ ಆ ಒಂದು ಮಾತು ನಮ್ಮ ಮನೆಯಲ್ಲಿ ಬೇರೊಂದು ಕಥೆಯನ್ನೆಬ್ಬಿಸಿತು.

ಇಷ್ಟನ್ನೂ ನಾವು ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಕಂತು ಕಂತಾಗಿ ಹೇಳುತ್ತಿದ್ದೆವು. ನಮ್ಮ ತಂದೆಯವರು ಎಂಬತ್ತು ದಾಟಿದವರು. ಅವರೂ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದು ನಿವೃತ್ತರಾದವರು. ಗೋಡೆಗೊರಗಿ ಕೂತು ಕೇಳುತ್ತಿದ್ದವರು ರಸೆಲ್ಲನ ಕಥೆ ಮುಗಿದ ದಿನ ತಟ್ಟೆಯಲ್ಲಿ ಕೈ ಆಡಿಸುತ್ತ ಅಂದರು: “ಅರವತ್ತೆಂಟರ ಸ್ಟ್ರೈಕ್ ನಿಮಗ ಗೊತ್ತಿಲ್ಲ.”

ನಮಗೆ ಗೊತ್ತಿರಲಿಲ್ಲ. 1968ರ ಸೆಪ್ಟೆಂಬರ್ 19ರಂದು ಕೇಂದ್ರ ಸರ್ಕಾರಿ ನೌಕರರು ಒಂದು ದಿನದ ಮುಷ್ಕರ ಹೂಡಿದ್ದರು. ಹೊಟ್ಟೆಗೆ ಸಾಲುವಷ್ಟು ಕನಿಷ್ಠ ಸಂಬಳ ಕೊಡಿ ಎಂಬುದು ಬೇಡಿಕೆ. ಸರ್ಕಾರ ಮುಂಚಿತವಾಗಿಯೇ ಸುಗ್ರೀವಾಜ್ಞೆ ತಂದು ಮುಷ್ಕರವನ್ನು ನಿಷೇಧಿಸಿತ್ತು. ದೇಶದಲ್ಲೆಲ್ಲ ಸಾವಿರಾರು ನೌಕರರು ಜೈಲು ಸೇರಿದರು, ಸಾವಿರಾರು ಮಂದಿ ಸಸ್ಪೆಂಡಾದರು. ತೋಪಿನ ಬಾಯಿಗೂ ಇದಕ್ಕೂ ಹೋಲಿಕೆಯಿಲ್ಲ, ನಾವೂ ಬಲ್ಲೆವು. ತಂದೆಯವರು ಹೋಲಿಸಲೂ ಇಲ್ಲ. ಅವರು ಹೇಳಿದ್ದಿಷ್ಟೆ:

“ನನ್ನ ಬಾಜೂ ಟೇಬಲ್ಲಿನವರು ತೆಲುಗಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಕೆಲಸ ಕಲಿಸಿದವರು ಅವರೇ. ಹಿಂದಿನ ದಿನ ಸಂಜಿಮುಂದ ಕೇಳಿದ್ರು, ಏನಪ್ಪಾ ನೀ ಬರ್ತೀಯೋ ಅಂತ. ನಾ ಸುಮ್ಮನಿದ್ದೆ. ಮರುದಿನ ಅವರು ಗೇಟಿನ ಹೊರಗ ನಿಂತಿದ್ರು. ನಾ ತಲಿ ತಗ್ಗಿಸ್ಕೊಂಡು ಒಳಗ ಹೋಗಿ ಹಾಜರಿ ಬುಕ್ಕಿನಾಗ ಸಹಿ ಮಾಡ್ದೆ. ಹೊರಗ ಪೊಲೀಸ್ ಗಾಡಿ ಬಂದ ಸಪ್ಪಳ ಕೇಳಿಸ್ತು. ಕಿಟಕಿ ಕಡೆ ನೋಡ್ಲಿಲ್ಲ.”

ಆಗ ತಂದೆಯವರಿಗೆ ಇಪ್ಪತ್ನಾಲ್ಕು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ದೊಡ್ಡತ್ತೆಯ ಮದುವೆ ನಿಶ್ಚಯವಾಗಿತ್ತು. ಇದನ್ನು ಅವರು ಹೇಳಲಿಲ್ಲ, ನಾವೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡೆವು.

ಆ ಹಿರಿಯರು ಕೆಲವು ವಾರ ಜೈಲಿನಲ್ಲಿದ್ದರಂತೆ. ಆಮೇಲೆ ತಿಂಗಳುಗಟ್ಟಲೆ ಸಸ್ಪೆನ್ಷನ್. ಮನೆಯಲ್ಲಿ ಮೂರು ಮಕ್ಕಳು. ಕಚೇರಿಯಲ್ಲಿ ಯಾರೋ ಗುಟ್ಟಾಗಿ ಚಂದಾ ಎತ್ತಿದರು. ಒಂದು ಕಂದು ಕವರು, ಅದರೊಡನೆ ಹೆಸರು ಬರೆಯಲು ಒಂದು ಕಾಗದ. ಕವರು ತಂದೆಯವರ ಟೇಬಲ್ಲಿಗೂ ಬಂತು.

“ಐದು ರೂಪಾಯಿ ಹಾಕಿದೆ,” ಎಂದರು. “ಹೆಸರು ಬರೀಬ್ಯಾಡ್ರಿ ಅಂದೆ.”

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವರ ಜಾಗದಲ್ಲಿ ನಾವಿದ್ದರೆ ಐದು ರೂಪಾಯಿಯನ್ನಾದರೂ ಹಾಕುತ್ತಿದ್ದೆವೋ ಇಲ್ಲವೋ. 1857ರ ಆ ಶುಕ್ರವಾರ ನಾವು ಚಾರ್‌ಮಿನಾರಿನ ಬಳಿ ಇದ್ದಿದ್ದರೆ ಗಲಾಟೆಯ ಸುದ್ದಿ ತಿಳಿದೊಡನೆ ತರಕಾರಿ ಚೀಲ ಹಿಡಿದು ಮನೆ ಸೇರಿ ಅಗುಳಿ ಹಾಕಿಕೊಳ್ಳುತ್ತಿದ್ದೆವು. ಇದರಲ್ಲಿ ನಮಗೆ ಅನುಮಾನವಿಲ್ಲ, ಶ್ರೀಮತಿಯವರಿಗಂತೂ ಮೊದಲೇ ಇಲ್ಲ.

ಮಗಳೇ ಕೇಳಿದಳು: “ಅಜ್ಜಾ, ಆಮ್ಯಾಲೆ ಅವರು ವಾಪಸ್ ಬಂದ್ರಾ?”

“ಬಂದ್ರು. ಅದೇ ಟೇಬಲ್ಲಿಗೇ ಬಂದ್ರು. ಇನ್‌ಕ್ರಿಮೆಂಟು ಹೋಗಿತ್ತು. ನನಗ ಒಂದು ಮಾತೂ ಅನ್ಲಿಲ್ಲ. ಮೊದಲಿನಂಗೇ ಡಬ್ಬಿ ಬಿಚ್ಚಿ, ಗೋಂಗೂರ ಚಟ್ನಿ ನನ್ನ ಕಡೆ ಸರಿಸಿದ್ರು. ಬೈದಿದ್ರ ಚಲೋ ಇತ್ತು.”

ಭಾನುವಾರ ತಂದೆಯವರೇ ಕೋಠಿಗೆ ಕರೆದೊಯ್ಯಿರೆಂದರು. ಆಟೋದಲ್ಲಿ ಹೋದೆವು. ಬಿಸಿಲು, ಹಾರ್ನುಗಳ ಗದ್ದಲ, ಕೊಡೆ ಬಿಚ್ಚಿ ಕೂತ ಬೀದಿ ವ್ಯಾಪಾರಿಗಳು. ಸ್ಮಾರಕದ ಹತ್ತಿರ ಅವರು ನಮ್ಮ ಹೆಗಲ ಮೇಲೆ ಕೈಯಿಟ್ಟು ಕೊಂಚ ಹೊತ್ತು ನಿಂತರು. ಮಗಳು ಪುತಲಿ ಬೌಲಿಯ ದಿಕ್ಕು ತೋರಿಸಿ, ಮಾಳಿಗೆಗಳು ಅಲ್ಲಿದ್ದವು, ಜಮಾದಾರ ಇಲ್ಲಿ ಒಳಗಿದ್ದ ಎಂದು ಅಜ್ಜನಿಗೆ ವಿವರಿಸಿದಳು.

ಮರಳುವಾಗ ಆಟೋದಲ್ಲಿ ತಂದೆಯವರು ತಾವಾಗಿಯೇ ಮತ್ತೆ ಮಾತೆತ್ತಿದರು. “ಅವರ ಮಗಳ ಲಗ್ನಕ್ಕ ಹೋಗಿದ್ದೆ. ಚಿಕ್ಕಡಪಲ್ಲಿಯೊಳಗ ಆತು. ಮುಯ್ಯಿ ಮಾಡ್ದೆ. ನೂರಾ ಒಂದು ರೂಪಾಯಿ, ಆವಾಗ ಅದು ನನಗ ಭಾಳ.”

“ಕವರಿನ ಮ್ಯಾಲೆ ಹೆಸರು ಬರ್ದಿದ್ರೇನು ಅಜ್ಜಾ?” ಎಂದಳು ಮಗಳು.

“ಬರ್ದಿದ್ದೆ,” ಎಂದರು. “ದೊಡ್ಡ ಅಕ್ಷರದಾಗ. ಅಪ್ಪನ ಹೆಸರು, ಊರ ಹೆಸರು ಸುದ್ದಾ.”